ಹಾಲುಹಲ್ಲಿನ ಕೋಚ್

ಬಾಸ್ಕೆಟ್‌ಬಾಲಿನ ಚೆಂಡು ಕಿತ್ತಳೆ ಬಣ್ಣದ್ದಿರುತ್ತದೆ, ಬುಟ್ಟಿಗೆ ತಳ ಇರುವುದಿಲ್ಲ. ಐವತ್ತೊಂದು ವರ್ಷದ ಬಾಳಿನಲ್ಲಿ ಶ್ರೀಶೈಲ್ ಹಂಚಿನಾಳರು ಆ ಆಟದ ಬಗ್ಗೆ ಗಳಿಸಿದ್ದ ಜ್ಞಾನ ಇಷ್ಟೇ. ಇಷ್ಟೇ ಬಂಡವಾಳದಲ್ಲಿ ಅವರು ಒಂದು ವಿಶ್ವವಿದ್ಯಾಲಯದ ಕೋಚ್‌ನ ಅನ್ನಕ್ಕೆ ಕಲ್ಲು ಹಾಕಿದರು. ಇನ್ನೊಬ್ಬರಿಗೆ ಹಾನಿ ಮಾಡಲು ವಿದ್ಯೆ ಬೇಕೇ ಬೇಕೆಂದೇನಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗಲಾರದು.

ಕಲ್ಲು ಅವರ ಕಸುಬು. ಇಳಕಲ್ಲಿನವರು. ಹ್ಯೂಸ್ಟನ್ನಿನ ಹೊರಗೆ ಸೈಪ್ರೆಸ್ಸಿನಲ್ಲಿ ಗ್ರಾನೈಟ್ ಅಂಗಡಿ ಇಟ್ಟಿದ್ದರು. ಅಲ್ಲಿ ತಿಂಗಳಿಗೊಂದು ಬಡಾವಣೆ ಏಳುತ್ತದೆ, ಪ್ರತಿ ಮನೆಗೂ ಅಡುಗೆಕಟ್ಟೆ ಬೇಕು, ಪ್ರತಿ ಕಟ್ಟೆಗೂ ಕಲ್ಲು ಬೇಕು. ಹೆಂಡತಿ ಶ್ರೀವಿದ್ಯಾ ಮೈಸೂರಿನವರು, ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದರು. ತಾಯಿ ಸುಮಿತ್ರವ್ವ ಇವರ ಜೊತೆಗೇ ಇದ್ದರು. ಒಬ್ಬಳೇ ಮಗಳು ಅಮೂಲ್ಯಾ ಆಸ್ಟಿನ್ನಿನ ಬಾಲ್ಕೋನೀಸ್ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರ ಓದುತ್ತಿದ್ದಳು.

ಮಗಳು ಆಸ್ಟಿನ್‌ಗೆ ಹೋದ ಮೇಲೆ ತಂದೆ-ಮಗಳ ಫೋನು ಹೀಗೆ ನಡೆಯುತ್ತಿತ್ತು.

"ಊಟ ಆತೇನವಾ?"

"ಯಾ."

"ಓದೂದು ಹೆಂಗ ನಡದೈತಿ?"

"ಫೈನ್."

"ಮಮ್ಮಿಗೆ ಕೊಡ್ಲಿ?"

"ಶ್ಯೂರ್."

ಒಟ್ಟು ನಲವತ್ತು ಸೆಕೆಂಡು. ಒಂದು ದಿನ ಅಂಗಡಿಗೆ ಬಂದ ಗಿರಾಕಿಯೊಬ್ಬ ಬಾಲ್ಕೋನೀಸ್ ತಂಡ ಗೆದ್ದ ಸುದ್ದಿ ಹೇಳಿದ್ದನ್ನು ಶ್ರೀಶೈಲರು ಮಾತಿಗೆ ಮಾತೆಂದು ಮಗಳ ಕಿವಿಗೆ ಹಾಕಿದರು. ಆ ದಿನ ಅಮೂಲ್ಯಾ ಹನ್ನೊಂದು ನಿಮಿಷ ಮಾತಾಡಿದಳು. ಯಾವನು ಎಲ್ಲಿಂದ ಎಸೆದ, ಯಾವನ ಮಂಡಿ ನೋಯುತ್ತಿದೆ, ಎಲ್ಲವನ್ನೂ ಇಂಗ್ಲಿಷಿನಲ್ಲಿ ಒದರಿದಳು. ಶ್ರೀಶೈಲರಿಗೆ ಒಂದಕ್ಷರ ತಿಳಿಯಲಿಲ್ಲ. ಮರುದಿನವೇ ಹೋಗಿ ಆ ತಂಡದ ಟೋಪಿ ಕೊಂಡು ತಂದರು.

ಅಂದಿನಿಂದ ಅವರು ಬಾಲ್ಕೋನೀಸ್ ಅಭಿಮಾನಿ. "ಡಿಫೆನ್ಸ್ ಸಡ್ಲ ಐತಿ" ಎಂಬ ಒಂದು ವಾಕ್ಯವನ್ನು ಕಲಿತಿದ್ದರು. ಗೆದ್ದಾಗಲೂ ಸೋತಾಗಲೂ ಅದು ಸಲ್ಲುತ್ತಿತ್ತು. ಎರಡನೇ ವರ್ಷ ಮಗಳು "ಟೀಮಿನ ಸ್ಟ್ಯಾಟ್ಸ್ ಮಾಡ್ತಿದೀನಿ ಡ್ಯಾಡ್" ಎಂದು ಇಂಗ್ಲಿಷಿನಲ್ಲಿ ಸಂಭ್ರಮದಿಂದ ಹೇಳಿದಳು. ಅದೇನೋ ಹೋಮ್‌ವರ್ಕ್ ಇರಬೇಕೆಂದು ತಿಳಿದು, "ಚೊಲೋ ಮಾರ್ಕ್ಸ್ ತಗಿ" ಎಂದು ಹರಸಿದರು.

ಆ ಏಪ್ರಿಲ್‌ನಲ್ಲಿ ಇಪ್ಪತ್ತನಾಲ್ಕು ವರ್ಷ ತಂಡವನ್ನು ನಡೆಸಿದ್ದ ಹಳೆಯ ಕೋಚ್ ನಿವೃತ್ತನಾದ. ಅವನ ಜಾಗಕ್ಕೆ ವಿಶ್ವವಿದ್ಯಾಲಯ ವೆಸ್ ಗ್ರೇಡಿ ಎಂಬವನನ್ನು ನೇಮಿಸಿತು. ವಯಸ್ಸು ಮೂವತ್ತೆರಡು. ಬೇರೊಂದು ಊರಿನ ತಂಡದಲ್ಲಿ ಸಹಾಯಕನಾಗಿ ನಾಲ್ಕು ವರ್ಷ ದುಡಿದಿದ್ದ. ಹೆಡ್ ಕೋಚ್ ಆಗಿ ಒಂದು ದಿನದ ಅನುಭವವೂ ಇರಲಿಲ್ಲ.

ಅಭಿಮಾನಿಗಳು ಹೊತ್ತಿ ಉರಿದರು. ಹಳೆಯ ವಿದ್ಯಾರ್ಥಿಗಳ ವೆಬ್‌ಸೈಟಿನಲ್ಲಿ ಒಂದೇ ಸಂಜೆ ಆರುನೂರು ಜನ ತಮ್ಮ ತೀರ್ಪು ಬರೆದರು. ವಿಮಾನ ಹಾರಿದ ಮೇಲೆ ಪೈಲಟ್ ಕೈಪಿಡಿ ಬಿಚ್ಚಿದಂತಾಯಿತು ಎಂದು ಒಬ್ಬ. ಇವನು ಇದುವರೆಗೆ ನೀರಿನ ಬಾಟಲಿಗಳನ್ನಲ್ಲದೆ ಏನನ್ನೂ ನಡೆಸಿಲ್ಲ ಎಂದು ಇನ್ನೊಬ್ಬ. ಇಪ್ಪತ್ತೆಂಟು ವರ್ಷದಿಂದ ಜನರ ಹಲ್ಲು ಕೀಳುತ್ತಿದ್ದ ದಂತವೈದ್ಯನೊಬ್ಬ, ತಾನು ಅರ್ಜಿ ಹಾಕಿದ್ದರೂ ಇದಕ್ಕಿಂತ ವಾಸಿಯಿತ್ತು ಎಂದು ಸಹಿ ಮಾಡಿ ಬರೆದ. ಶ್ರೀಶೈಲರು ಪ್ರತಿಯೊಂದನ್ನೂ ಮೂರು ಮೂರು ಸಲ ಓದಿದರು. ಮೊದಲ ಸಲ ಅರ್ಥವಾಗುತ್ತಿರಲಿಲ್ಲ, ಎರಡನೇ ಸಲವೂ ಆಗುತ್ತಿರಲಿಲ್ಲ, ಮೂರನೇ ಸಲ ಸಿಟ್ಟು ಬರುತ್ತಿತ್ತು.

ಆ ಶನಿವಾರವೇ ಡಲ್ಲಾಸ್ ಕಡೆಯ ಪ್ರಾಸ್ಪರ್‌ನಲ್ಲಿ ಮಹಾಂತಪ್ಪನವರ ಗೃಹಪ್ರವೇಶ. ಮಹಾಂತಪ್ಪನವರು ಶ್ರೀಶೈಲರ ದೊಡ್ಡಪ್ಪನ ಮಗ, ಮನೆ ಮಾರಿಸುವ ಏಜೆಂಟರು. ಪೂಜೆ ಮುಗಿದು ಹೋಳಿಗೆ ಊಟವಾದ ಮೇಲೆ ಗಂಡಸರೆಲ್ಲ ಅಡುಗೆಮನೆಯ ನಡುವಿನ ಕಟ್ಟೆಯ ಸುತ್ತ ನಿಂತರು. ಕಟ್ಟೆಯ ಕಲ್ಲು ಶ್ರೀಶೈಲರ ಅಂಗಡಿಯದೇ ಆದ್ದರಿಂದ ಅವರು ಅದಕ್ಕೆ ಮೊಣಕೈ ಊರಿ ನಿಂತಿದ್ದರು. ತಲೆಯ ಮೇಲೆ ಟೋಪಿ ಇತ್ತು.

ಯಾರೋ ಕೋಚ್ ಸುದ್ದಿ ಎತ್ತಿದರು. "ನಮ್ಮ ಶ್ರೀಶೈಲಗ ಕೇಳ್ರಿ," ಎಂದರು ಮಹಾಂತಪ್ಪ. "ಬಾಸ್ಕೆಟ್‌ಬಾಲ್ ಅಂದ್ರ ಅರದು ಕುಡದಾನ."

ಶ್ರೀಶೈಲರು ಗಂಭೀರವಾಗಿ ತಲೆಯಾಡಿಸಿ, "ಡಿಫೆನ್ಸ್ ಸಡ್ಲ ಐತಿ," ಎಂದರು.

ಆಸ್ಟಿನ್ನಿನಿಂದ ಬಂದಿದ್ದ ಗೋವಿಂದರಾಜು ಎಂಬ ಇಂಜಿನಿಯರು, "ಸಾರ್, ಯಾರಿಗಾದ್ರೂ ಮೊದಲನೇ ಕೆಲಸ ಅಂತ ಒಂದು ಇದ್ದೇ ಇರುತ್ತಲ್ವಾ? ಒಂದು ಸೀಸನ್ ನೋಡೋಣ," ಎಂದರು.

"ಸೀಸನ್ ನೋಡಾಕ ಇದೇನು ಮಾವಿನಹಣ್ಣೇನ್ರಿ?" ಎಂದರು ಶ್ರೀಶೈಲರು. ಎಲ್ಲರೂ ನಕ್ಕರು. ಅವರಿಗೆ ಹುರುಪು ಬಂತು. "ಅನುಭವ ಬೇಕ್ರಿ ಅನುಭವ! ಅನುಭವ ಇಲ್ಲದಾವ್ಗ ಇಷ್ಟು ದೊಡ್ಡ ಕೆಲಸ ಯಾರರ ಕೊಡ್ತಾರೇನು?"

ಹೋಳಿಗೆ ಡಬ್ಬಿ ಮುಚ್ಚುತ್ತಿದ್ದ ಶ್ರೀವಿದ್ಯಾ ತಿರುಗಿ ನೋಡಿದರು. "ಅಲ್ಲಾ ರೀ, ನೀವು ಕಂಪ್ಯೂಟರ್ ಕೆಲಸ ಬಿಟ್ಟು ಈ ಕಲ್ಲಂಗಡಿ ಇಟ್ಟಾಗ ಎಷ್ಟು ವರ್ಷದ ಅನುಭವ ಇತ್ತು?"

"ಕಲ್ಲಂಗಡಿ ಅಲ್ಲ, ಕಲ್ಲಿನ ಅಂಗಡಿ."

"ಅದೇ. ಮೊದಲನೇ ಮನೇಲಿ ಸಿಂಕಿನ ತೂತು ಒಲೆ ಜಾಗದಲ್ಲಿ ಕೊರೆದೋರು ಯಾರು?"

ಈ ಸಲ ನಗು ಇನ್ನೂ ಜೋರಾಗಿ ಬಂತು. ಶ್ರೀಶೈಲರ ಮುಖ ಇಳಕಲ್ಲಿನ ಕೆಂಪು ಕಲ್ಲಿನ ಬಣ್ಣಕ್ಕೆ ತಿರುಗಿತು. ತಮ್ಮನ ಮಾನ ಉಳಿಸಲು ಮಹಾಂತಪ್ಪನವರೇ ಮುಂದಾದರು. ಬಿಗ್ ರಾಯ್ ಎಂಬವನ ರೇಡಿಯೋ ಕಾರ್ಯಕ್ರಮದಲ್ಲಿ ಅವರು ಆಗಾಗ ತಮ್ಮ ಜಾಹೀರಾತು ಹಾಕಿಸುತ್ತಿದ್ದರು. ಡಲ್ಲಾಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಊರಿಗೆ ಕೇಳಿಸುವ ಕ್ರೀಡಾ ಹರಟೆ ಅದು. ಫೋನು ಹಚ್ಚಿ ಸ್ಪೀಕರಿಗೆ ಹಾಕಿಯೇಬಿಟ್ಟರು. "ತಗೋ, ಇಲ್ಲಿ ಅನ್ನೂದನ್ನ ಅಲ್ಲಿ ಅನ್ನು."

ಶ್ರೀಶೈಲ್ ಎಂಬ ಹೆಸರು ಬಿಗ್ ರಾಯ್‌ನ ಬಾಯಲ್ಲಿ ಶೆಲ್ಲಿ ಆಯಿತು. "ಪ್ರಾಸ್ಪರ್‌ನಿಂದ ಶೆಲ್ಲಿ ಇದ್ದಾರೆ! ಹೊಸ ಕೋಚ್ ಬಗ್ಗೆ ಏನಂತೀರಿ ಶೆಲ್ಲಿ?"

ನಲವತ್ತು ಜನ ನೆಂಟರಿಷ್ಟರು ಉಸಿರು ಬಿಗಿಹಿಡಿದಿದ್ದರು. ಇಂಥ ಹೊತ್ತಿನಲ್ಲಿ "ಡಿಫೆನ್ಸ್ ಸಡ್ಲ ಐತಿ" ಎಂದರೆ ಸಾಲದು. ಸೋಫಾದ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದ ತಾಯಿಯನ್ನು ಕಂಡು ಶ್ರೀಶೈಲರಿಗೆ ಅವರ ಮಾತೊಂದು ನೆನಪಾಯಿತು. ಅದನ್ನೇ ಇಂಗ್ಲಿಷಿಗೆ ತಿರುಗಿಸಿ ಹೇಳಿದರು. "ಸರ್, ನಮ್ಮ ಕಡೆ ರೈತರು ಹಾಲುಹಲ್ಲಿನ ಕರುವಿಗೆ ನೊಗ ಹೂಡುವುದಿಲ್ಲ. ನೀವು ಹೂಡಿದ್ದೀರಿ. ಹೊಲವೂ ಕೆಡುತ್ತದೆ, ಕರುವೂ ಕೆಡುತ್ತದೆ."

ಬಿಗ್ ರಾಯ್ ಅಂಥ ನಗು ನಕ್ಕನೆಂದರೆ ಕಟ್ಟೆಯ ಮೇಲಿನ ಲೋಟ ಅದುರಿತು. "ಕರು! ಕೋಚ್ ಕರು! ಅಯ್ಯೋ ದೇವರೇ, ಮೂ...!" ಎಂದು ಹಸುವಿನ ಹಾಗೆ ಕೂಗಿ, ಜಾಹೀರಾತಿಗೆ ಹೋದ.

ಮಾತು ಅಲ್ಲಿಗೆ ಮುಗಿದಿರಲಿಲ್ಲ. ಶ್ರೀಶೈಲರು ಒಂದೇ ಉಸಿರಿನಲ್ಲಿ ಉಳಿದ ಅರ್ಧವನ್ನೂ ಹೇಳಿದರು. ತಪ್ಪು ಕರುವಿನದಲ್ಲ, ಹೂಡಿದವನದು. ಹಳೆಯ ಎತ್ತಿನ ಜೋಡಿಯಲ್ಲಿ ಎರಡು ಮಳೆಗಾಲ ನಡೆಸಿದರೆ ಅದೇ ಕರು ಊರಿಗೇ ಮೊದಲ ಎತ್ತಾಗುತ್ತದೆ. ಆದರೆ ಅದನ್ನು ಕೇಳಿಸಿಕೊಂಡದ್ದು ಒಂದು ಪಿಕಪ್ ಟ್ರಕ್ಕಿನ ಜಾಹೀರಾತು ಮಾತ್ರ.

ಪ್ರಾಸ್ಪರ್ ಮನೆಯಲ್ಲಿ ಚಪ್ಪಾಳೆಯೋ ಚಪ್ಪಾಳೆ. ಸುಮಿತ್ರವ್ವ ಒಬ್ಬರೇ, "ಅಲ್ಲೋ, ಅರ್ಧಾ ಮಾತು ಹಾದ್ಯಾಗ ಬಿದ್ದು ಹೋತಲ್ಲೋ," ಎಂದರು. ಆ ಗದ್ದಲದಲ್ಲಿ ಅದೂ ಯಾರಿಗೂ ಕೇಳಿಸಲಿಲ್ಲ.

ವಾರದೊಳಗೆ ವೆಸ್ ಗ್ರೇಡಿ ಟೆಕ್ಸಸ್ಸಿನಲ್ಲಿ ಬರೀ ಕರುವಾದ. ದನದ ನಾಡು ಅದು, ಎತ್ತು-ಕರುವಿನ ಮಾತು ಬೇಗ ಹತ್ತುತ್ತದೆ. ಕೊರಳಿಗೆ ನೊಗ ಕಟ್ಟಿಕೊಂಡ ಕರುವಿನ ಚಿತ್ರದ ಅಂಗಿಗಳು ಬಂದವು. ದಂತವೈದ್ಯ ಕರುವಿನ ಹಲ್ಲಿನ ಬಗ್ಗೆ ಎರಡು ಪುಟದ ಲೇಖನ ಬರೆದ. ಪತ್ರಕರ್ತರು ಕೋಚ್‌ನನ್ನೇ ಕೇಳಿದಾಗ ಅವನು ನಕ್ಕು, "ಕರುಗಳು ಬೆಳೆಯುತ್ತವೆ," ಎಂದ. ಆ ಮಾತನ್ನು ಯಾರೂ ಅಂಗಿಯ ಮೇಲೆ ಅಚ್ಚು ಹಾಕಿಸಲಿಲ್ಲ.

ಶ್ರೀಶೈಲರು ಏನು ಮಾಡಬೇಕಿತ್ತು? ಮರುದಿನವೇ ಫೋನು ಮಾಡಿ ಉಳಿದರ್ಧ ಹೇಳಬೇಕಿತ್ತು. ಹೇಳಬೇಕೆಂದೂ ಇದ್ದರು. ಆದರೆ ಸೋಮವಾರ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುತ್ತಿದ್ದಂತೆ ಮೊದಲ ಗಿರಾಕಿ, "ಪ್ರಾಸ್ಪರ್‌ನ ಶೆಲ್ಲಿ ಕೇಳಿದ್ರಾ?" ಎಂದ. ಶ್ರೀಶೈಲರು ನಾಚುತ್ತಾ, "ಅದು ನಾನೇ," ಎಂದರು. ಆ ಗಿರಾಕಿ ಅವರ ಕೈಯನ್ನು ಹತ್ತು ಸಲ ಕುಲುಕಿದ.

ಬಡಾವಣೆಯ ಸಂಘದ ಮಿಸಸ್ ಡಾಟ್ಸನ್ ಕಥೆ ಇದಕ್ಕಿಂತ ದೊಡ್ಡದು. ಆ ಹೆಂಗಸು ಎಂಟು ವರ್ಷದಲ್ಲಿ ಹಂಚಿನಾಳರ ಮನೆಗೆ ಹದಿನೇಳು ನೋಟೀಸು ಕೊಟ್ಟಿದ್ದರು. ಕಸದ ಡಬ್ಬಿ ರಸ್ತೆಗೆ ಕಾಣುತ್ತದೆ, ರಂಗೋಲಿ ಅನುಮತಿಯಿಲ್ಲದ ಬಣ್ಣ, ತುಳಸಿ ಕಟ್ಟೆ ನಕ್ಷೆಯಲ್ಲಿ ಇಲ್ಲ. ಅವರೂ ಬಾಲ್ಕೋನೀಸ್ ಹಳೆಯ ವಿದ್ಯಾರ್ಥಿನಿ. ಶೆಲ್ಲಿ ಇವರೇ ಎಂದು ಗೊತ್ತಾದ ದಿನ ಹದಿನೆಂಟನೇ ನೋಟೀಸನ್ನು ಕಣ್ಣೆದುರಿಗೇ ಹರಿದು, ಅಂಗಳದಲ್ಲಿ ನಿಂತು "ಮೂ" ಎಂದರು. ತುಳಸಿ ಕಟ್ಟೆಯೂ ಸಕ್ರಮವಾಯಿತು. ಇಂಥ ಕೀರ್ತಿಯನ್ನು ಒಂದು ಫೋನು ಮಾಡಿ ಕಳೆದುಕೊಳ್ಳುವ ಗಟ್ಟಿತನ ಋಷಿಗಳಿಗೆ ಇದ್ದೀತು, ಗ್ರಾನೈಟ್ ವ್ಯಾಪಾರಿಗಳಿಗೆ ಕಷ್ಟ.

"ರೀ, ಆ ಹುಡುಗನ ಬಗ್ಗೆ ಹೇಳಿದ್ದು ಅರ್ಧ ಅಂತ ಒಂದು ಮಾತು ತಿಳಿಸ್ಬಾರ್ದಾ?" ಎಂದು ಶ್ರೀವಿದ್ಯಾ ಕೇಳಿದಾಗಲೆಲ್ಲ, "ಆತ್ ಮಾರಾಯ್ತಿ, ನಾಳೆ ಮಾಡ್ತೀನಿ," ಎನ್ನುತ್ತಿದ್ದರು. ಆ ನಾಳೆ ನವೆಂಬರ್‌ವರೆಗೆ ನಡೆಯಿತು.

ನವೆಂಬರ್‌ನಲ್ಲಿ ಪಂದ್ಯಗಳು ಶುರುವಾದವು. ತಂಡ ಮೊದಲ ಆರರಲ್ಲಿ ಐದು ಸೋತಿತು. ಸ್ವಂತ ಅಂಕಣದಲ್ಲೇ ಸ್ವಂತ ಜನ ಕೊರಳಗಂಟೆ ಬಾರಿಸಿ ಕೋಚ್‌ಗೆ ಮೂ ಎಂದು ಕೂಗತೊಡಗಿದರು. ಅಮೂಲ್ಯಾಳ ಫೋನು ಹನ್ನೊಂದು ನಿಮಿಷದಿಂದ ಇಳಿಯುತ್ತಾ ಬಂದು ಮತ್ತೆ ನಲವತ್ತು ಸೆಕೆಂಡಿಗೆ ನಿಂತಿತು. ಒಂದು ಸಂಜೆ ಮಾತ್ರ ಅವಳು ದೊಡ್ಡ ಉಸಿರುಬಿಟ್ಟು ಇಂಗ್ಲಿಷಿನಲ್ಲಿ ಹೇಳಿದಳು. "ಯಾವನೋ ಒಬ್ಬ ಮುಠ್ಠಾಳ ರೇಡಿಯೋಗೆ ಫೋನ್ ಮಾಡಿದ್ದ, ಡ್ಯಾಡ್. ಅವನಿಂದ ಶುರುವಾಯ್ತು ಇದೆಲ್ಲ."

ಶ್ರೀಶೈಲರು ತಲೆಯ ಮೇಲಿನ ಟೋಪಿ ತೆಗೆದರು. "ಯಾವ ಮುಠ್ಠಾಳ?"

"ಶೆಲ್ಲಿ ಅಂತೆ. ಪ್ರಾಸ್ಪರ್‌ನೋನು."

"ಅಂವಾ ಯಾರಂತ ಗೊತ್ತಾತೇನು?"

"ನೋ."

"ಆತ್ ಬಿಡು," ಎಂದು ಶ್ರೀಶೈಲರು ಫೋನನ್ನು ಶ್ರೀವಿದ್ಯಾ ಕೈಗೆ ಕೊಟ್ಟರು. ಶ್ರೀವಿದ್ಯಾ ಗಂಡನ ಮುಖವನ್ನೇ ನೋಡುತ್ತಾ ಮಗಳ ಜೊತೆ ಮಾತಾಡಿದರು.

ಮರುದಿನ ಶ್ರೀಶೈಲರು ಗಟ್ಟಿ ಮನಸ್ಸು ಮಾಡಿ ಬಿಗ್ ರಾಯ್‌ಗೆ ಫೋನು ಹಚ್ಚಿದರು. ಹೇಳಬೇಕಾದದ್ದನ್ನು ಕಾಗದದ ಮೇಲೆ ಬರೆದಿಟ್ಟುಕೊಂಡಿದ್ದರು. "ಶೆಲ್ಲಿ!" ಎಂದು ಬಿಗ್ ರಾಯ್ ಚೀರಿದ. "ಟೆಕ್ಸಸ್ಸಿನ ಮಹಾಜನಗಳೇ, ಕರುವಿಗೆ ಹೆಸರಿಟ್ಟ ಮಹಾತ್ಮರು ಬಂದಿದ್ದಾರೆ! ಎಲ್ಲರೂ ಒಮ್ಮೆ..." ಸ್ಟುಡಿಯೋ ಪೂರ್ತಿ ಮೂ ಎಂದಿತು. "ನಿಮ್ಮ ಮಾತು ನಿಜವಾಯ್ತಲ್ಲ ಶೆಲ್ಲಿ, ಹೇಗನ್ನಿಸುತ್ತೆ?"

ಶ್ರೀಶೈಲರು ಕಾಗದ ನೋಡಿದರು. ಕಿಟಕಿಯಾಚೆ ಮಿಸಸ್ ಡಾಟ್ಸನ್ ಕಾರಿನಲ್ಲಿ ರೇಡಿಯೋ ಕೇಳುತ್ತಾ ಇವರತ್ತ ಕೈಬೀಸುತ್ತಿದ್ದರು.

"ಥ್ಯಾಂಕ್ ಯೂ," ಎಂದರು ಶ್ರೀಶೈಲರು.

ಕದದ ಮರೆಯಲ್ಲಿ ನಿಂತಿದ್ದ ಸುಮಿತ್ರವ್ವ ಒಳಗೆ ಹೋದರು.

ಫೆಬ್ರುವರಿಯ ಒಂದು ಪಂದ್ಯಕ್ಕೆ ಅಭಿಮಾನಿ ಸಂಘ ಶೆಲ್ಲಿಯನ್ನು ವಿಶೇಷ ಅತಿಥಿಯಾಗಿ ಕರೆಯಿತು. ಸಂಘದ ಅಧ್ಯಕ್ಷ ಹಂಫ್ರಿ ಎಂಬ ಆರಡಿ ಮೂರಂಗುಲದ, ಬಿಳಿ ಟೋಪಿಯ ಮನುಷ್ಯ. ಅವನಿಗೆ ಆ ದಿನ ಅಂಕಣಕ್ಕೆ ಜೀವಂತ ಕರುವನ್ನೇ ತರುವ ಆಸೆಯಿತ್ತು. ಅಗ್ನಿಶಾಮಕ ಅಧಿಕಾರಿ ಒಪ್ಪಲಿಲ್ಲ. ಕುರುಡರಿಗೆ ದಾರಿ ತೋರಿಸುವ ನಾಯಿಗಷ್ಟೇ ಒಳಗೆ ಪ್ರವೇಶ ಎಂದು ನಿಯಮದ ಪುಸ್ತಕ ತೆರೆದು ತೋರಿಸಿದ. ಈ ಕರು ಒಬ್ಬ ಕುರುಡನಿಗೆ ದಾರಿ ತೋರಿಸುತ್ತದೆ ಎಂದು ಬರೆದುಕೊಡಲು ಹಂಫ್ರಿ ತಯಾರಿದ್ದ. ಆ ಕುರುಡ ಯಾರು ಎಂದು ಅಧಿಕಾರಿ ಕೇಳಿದ್ದಕ್ಕೆ, ಕೋಚ್‌ನನ್ನು ನೇಮಿಸಿದ ನಿರ್ದೇಶಕ ಎಂದನಂತೆ. ಕೊನೆಗೆ ರಟ್ಟಿನ ಕರುವಿಗೆ ಒಪ್ಪಿಗೆಯಾಯಿತು.

ಶ್ರೀವಿದ್ಯಾ ಬರುವುದಿಲ್ಲ ಎಂದರು. ಮಹಾಂತಪ್ಪನವರು ಪ್ರಾಸ್ಪರ್‌ನಿಂದ ನಾಲ್ಕು ಗಂಟೆ ಡ್ರೈವ್ ಮಾಡಿಕೊಂಡು ಕೊರಳಗಂಟೆಯ ಸಮೇತ ಆಸ್ಟಿನ್‌ಗೆ ಬಂದರು. ಮಗಳು ಪಂದ್ಯ ನೋಡಲು ಬಂದರೂ ನಾಲ್ಕು ಸಾವಿರ ಜನರ ನಡುವೆ ತಾವೆಲ್ಲಿ ಕಾಣುತ್ತೇವೆ ಎಂಬ ಧೈರ್ಯ ಶ್ರೀಶೈಲರಿಗಿತ್ತು. ಹಂಫ್ರಿ ಅವರನ್ನು ಮೂರನೇ ಸಾಲಿನಲ್ಲಿ ಕೂರಿಸಿ, ಎಡಗೈಗೆ ರಟ್ಟಿನ ಕರು, ಬಲಗೈಗೆ ಗಂಟೆ ಕೊಟ್ಟ.

ಪಂದ್ಯದ ನಡುವೆ ವಿರಾಮ. ತಲೆಯ ಮೇಲಿನ ದೊಡ್ಡ ಪರದೆಯಲ್ಲಿ ಶ್ರೀಶೈಲರ ಮುಖ ಒಂದು ಬಸ್ಸಿನಷ್ಟು ಅಗಲವಾಗಿ ಮೂಡಿತು. ಕೆಳಗೆ "ಶೆಲ್ಲಿ" ಎಂದು ಬರೆದಿತ್ತು. ಇಡೀ ಸಭಾಂಗಣ ಎದ್ದು ನಿಂತು ಕೂಗಿತು. "ಬಾರಸಲೇ ತಮ್ಮಾ, ಬಾರಸು!" ಎಂದು ಮಹಾಂತಪ್ಪನವರು ಅವರ ಕೈ ಹಿಡಿದೆತ್ತಿದರು. ಶ್ರೀಶೈಲರು ಬಾರಿಸಿದರು. ಬಾರಿಸುತ್ತಲೇ ಕೆಳಗೆ ನೋಡಿದರು.

ಅಂಕಣದ ಅಂಚಿನ ಬೆಂಚಿನಲ್ಲಿ ವೆಸ್ ಗ್ರೇಡಿ ಹಲಗೆಯೊಂದರ ಮೇಲೆ ಗೀಟು ಎಳೆದು ಆಟಗಾರರಿಗೆ ಏನೋ ವಿವರಿಸುತ್ತಿದ್ದ. ಕೂಗು ತನಗಲ್ಲವೇನೋ ಎಂಬಂತೆ ತಲೆಯೆತ್ತಲೇ ಇಲ್ಲ. ಅವನ ಹಿಂದಿನ ಕುರ್ಚಿಯಲ್ಲಿ ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು, ತಂಡದ ಅಂಗಿ ತೊಟ್ಟು, ಒಂದು ಹುಡುಗಿ ಕೂತಿದ್ದಳು. ಅವಳು ತಲೆಯೆತ್ತಿ ಪರದೆ ನೋಡುತ್ತಿದ್ದಳು. ಅಮೂಲ್ಯಾ.

ಸ್ಟ್ಯಾಟ್ಸ್ ಎಂದರೆ ಹೋಮ್‌ವರ್ಕ್ ಅಲ್ಲ, ತಂಡದ ಜೊತೆ ಕೂತು ಆಟದ ಅಂಕಿ-ಅಂಶ ಬರೆಯುವ ಕೆಲಸ ಎಂದು ಶ್ರೀಶೈಲರಿಗೆ ತಿಳಿದದ್ದು ಆಗ. ಮೂರು ತಿಂಗಳಿನಿಂದ ಈ ಕೂಗು ಬೀಳುತ್ತಿದ್ದ ಜಾಗದಲ್ಲೇ ಮಗಳು ಕೂತಿದ್ದಳು. ಕೈಯಲ್ಲಿದ್ದ ಗಂಟೆ ಅವರು ಬೇಡವೆಂದರೂ ಇನ್ನೂ ಎರಡು ಸಲ ಬಾರಿಸಿಕೊಂಡಿತು.

ತಂಡ ಮೂರು ಅಂಕಗಳಿಂದ ಸೋತಿತು. ಜನ ಚದುರಿದ ಮೇಲೆ ಅಮೂಲ್ಯಾ ಮೆಟ್ಟಿಲ ಹತ್ತಿರ ಬಂದು ನಿಂತಳು. ಹುಟ್ಟಿದಾಗಿನಿಂದ ಕನ್ನಡದ ಪ್ರಶ್ನೆಗೆ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟ ಹುಡುಗಿ ಅವಳು.

"ಅಪ್ಪಾ, ಅದು ನೀನಾ?" ಎಂದು ಕನ್ನಡದಲ್ಲಿ ಕೇಳಿದಳು.

"ಅದು ಅರ್ಧಾ ಮಾತವಾ. ಉಳದದ್ದು ಹೇಳೂದ್ರಾಗ ಜಾಹೀರಾತು ಬಂತು. ನಾ ಅಂದದ್ದು ಕರುವಿಂದು ತಪ್ಪಲ್ಲ ಅಂತ..."

"ಮತ್ತೆ ಎರಡನೇ ಸಲ ಫೋನ್ ಮಾಡಿದಾಗ?" ಆ ಕಾರ್ಯಕ್ರಮವನ್ನು ಅವಳು ಕೇಳಿರಲಿಲ್ಲ. ತಂಡದ ಹುಡುಗರು ಕೇಳಿ ಹೇಳಿದ್ದರು. "ಥ್ಯಾಂಕ್ ಯೂ ಅಂದೆಯಂತೆ."

ಶ್ರೀಶೈಲರು ರಟ್ಟಿನ ಕರುವನ್ನು ಬೆನ್ನ ಹಿಂದೆ ಮರೆಮಾಡಲು ನೋಡಿದರು. ಅದು ನಾಲ್ಕಡಿ ಉದ್ದವಿತ್ತು.

ಉಳಿದದ್ದನ್ನು ಅವಳು ಇಂಗ್ಲಿಷಿನಲ್ಲಿ ಹೇಳಿದಳು. ಕೋಚ್ ಕೆಲಸಕ್ಕೆ ಬಂದ ಮೊದಲ ವಾರ ಅವಳ ಹೆಸರನ್ನು ಸರಿಯಾಗಿ ಅನ್ನುವುದನ್ನು ಕಲಿತನಂತೆ. ಐದು ದಿನ ಹಿಡಿಯಿತಂತೆ. ಬೆಳಿಗ್ಗೆ ಎದುರಾದಾಗಲೆಲ್ಲ ಅಂದು ನೋಡುತ್ತಿದ್ದನಂತೆ. "ನೀನು ಅವರು ಶೆಲ್ಲಿ ಅಂದರೂ ಸುಮ್ಮನಿದ್ದೆ," ಎಂದು ಹೇಳಿ ಹೊರಟುಹೋದಳು.

ಶ್ರೀಶೈಲರು ಮೂರನೇ ಸಲ ಫೋನು ಮಾಡಿದ್ದು ಮರುದಿನ ಬೆಳಿಗ್ಗೆ. ಈ ಸಲ ಬಿಗ್ ರಾಯ್ ಸಿಗಲಿಲ್ಲ. ಕರೆಗಳನ್ನು ಆರಿಸುವ ಹುಡುಗಿ, ಕರುವಿನ ವಿಷಯ ಹಳತಾಯಿತು, ಬೇಸ್‌ಬಾಲ್ ಬಗ್ಗೆ ಏನಾದರೂ ಇದೆಯೇ ಎಂದಳು. "ಉಳಿದರ್ಧ ಇದೆ ಮೇಡಂ, ದ್ವಿತೀಯಾರ್ಧ!" ಎಂದು ಇವರು ಒರಲಿದರು. "ಪಂದ್ಯ ನಿನ್ನೆಯೇ ಮುಗಿಯಿತಲ್ಲ ಸರ್," ಎಂದು ಅವಳು ಫೋನು ಇಟ್ಟಳು. ಅಭಿಮಾನಿಗಳ ವೆಬ್‌ಸೈಟಿನಲ್ಲಿ ಪೂರ್ತಿ ಮಾತನ್ನು ವಿವರವಾಗಿ ಬರೆದರು. ಹನ್ನೆರಡು ಜನ ನಗುವ ಮುಖದ ಚಿಹ್ನೆ ಹಾಕಿದರು. ಒಬ್ಬ, ಈತ ಶೆಲ್ಲಿಯಲ್ಲ, ಶೆಲ್ಲಿಯ ಹೆಸರು ಕೆಡಿಸಲು ಬಂದ ಖೋಟಾ ಮನುಷ್ಯ ಎಂದು ಬರೆದ.

ಮಾರ್ಚ್‌ನಲ್ಲಿ ವಿಶ್ವವಿದ್ಯಾಲಯ ವೆಸ್ ಗ್ರೇಡಿಯನ್ನು ಬಿಡಿಸಿತು. ಒಂಬತ್ತು ಗೆಲುವು, ಇಪ್ಪತ್ತೆರಡು ಸೋಲು. ಹೊಸದಾಗಿ ಬರುವವನಿಗೆ ಮೂವತ್ತು ವರ್ಷದ ಅನುಭವವಿದೆ ಎಂದು ಪ್ರಕಟಣೆ ಬಂತು. ದಂತವೈದ್ಯ ಸಂಜೆಗೇ ಬರೆದ: ಒಂದೇ ವರ್ಷಕ್ಕೆ ತೆಗೆದದ್ದು ಅನ್ಯಾಯ, ಮ್ಯಾನೇಜ್‌ಮೆಂಟಿಗೆ ತಾಳ್ಮೆಯೇ ಇಲ್ಲ, ಮುದುಕರನ್ನು ತಂದು ಏನು ಪ್ರಯೋಜನ. ಪ್ರಾಸ್ಪರ್‌ನಿಂದ ಮಹಾಂತಪ್ಪನವರ ಫೋನು ಬಂತು. "ಪಾಪ ಅನಸ್ತೈತೋ. ಇನ್ನೊಂದು ವರ್ಷ ಕೊಡಬೇಕಿತ್ತು. ನಾ ಅವತ್ತ ಅಂದಿದ್ದೆ."

"ಯಾವತ್ತ್ ಅಂದಿದ್ದಿ ಅಣ್ಣಾ?" ಎಂದರು ಶ್ರೀಶೈಲರು.

"ಮನಸ್ಸಿನ್ಯಾಗ," ಎಂದರು ಮಹಾಂತಪ್ಪ.

ಒಂದು ಭಾನುವಾರ ನಸುಕಿನಲ್ಲೇ ಅಮೂಲ್ಯಾಳಿಂದ ಸಂದೇಶ ಬಂತು. ಕೋಚ್ ಊರು ಬಿಡುತ್ತಿದ್ದಾನೆ, ಬೆಳಿಗ್ಗೆ ಹನ್ನೊಂದಕ್ಕೆ ಆಸ್ಟಿನ್ನಿನ ಡೊಮೇನ್ ಮಾರುಕಟ್ಟೆಯ ಕಾಫಿ ಅಂಗಡಿಯಲ್ಲಿ ತನಗೆ ಸಿಗುತ್ತಾನೆ, ಹೇಳುವುದಿದ್ದರೆ ನೀನೇ ಬಂದು ಹೇಳು, ನಿನ್ನ ಪರವಾಗಿ ನಾನು ಹೇಳುವುದಿಲ್ಲ. ಶ್ರೀಶೈಲರು ಕಾರಿನ ಕೀಲಿ ತೆಗೆದುಕೊಳ್ಳುವ ಹೊತ್ತಿಗೆ ಸುಮಿತ್ರವ್ವ ಸೀರೆ ಬದಲಿಸಿ, ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತಿದ್ದರು.

"ನೀ ಯಾಕವ್ವಾ?"

"ಮಾತು ನಂದು. ನೀ ಅರ್ಧಾ ಮಾರಿದಿ. ಉಳದದ್ದು ನಾನ ಹೇಳ್ತೀನಿ, ಅಮೂಲ್ಯಾ ಇಂಗ್ಲಿಷ್ ಮಾಡ್ತಾಳ."

ಎರಡೂವರೆ ಗಂಟೆಯ ದಾರಿ. ಕಾಫಿ ಅಂಗಡಿಯ ಹೊರಗೆ ಓಕ್ ಮರದ ಕೆಳಗಿನ ಮೇಜಿನಲ್ಲಿ ಅಮೂಲ್ಯಾ ಕೋಚ್ ಎದುರಿಗೆ ಕೂತಿದ್ದಳು. ಇವರನ್ನು ಕಂಡು ವೆಸ್ ಗ್ರೇಡಿ ಎದ್ದು ನಿಂತ. ಬೆಂಚಿನ ಹತ್ತಿರ ಕಂಡದ್ದಕ್ಕಿಂತ ಚಿಕ್ಕವನಾಗಿ ಕಾಣುತ್ತಿದ್ದ. ಸುಮಿತ್ರವ್ವನಿಗೆ ತಾನೇ ಕುರ್ಚಿ ಎಳೆದುಕೊಟ್ಟ.

"ನಿಮ್ಮ ಹೆಸರು ಹೇಗೆ ಹೇಳಬೇಕು ಸರ್?" ಎಂದು ಮೊದಲು ಕೇಳಿದ.

"ಶ್ರೀಶೈಲ್."

ಎರಡನೇ ಸಲಕ್ಕೆ ಸರಿಯಾಗಿ ಅಂದ.

ಶ್ರೀಶೈಲರಿಗೆ ದಾರಿಯುದ್ದಕ್ಕೂ ಜೋಡಿಸಿಟ್ಟುಕೊಂಡ ವಾಕ್ಯಗಳೆಲ್ಲ ಕಲಸಿಹೋದವು. "ಸರ್, ಆ ದಿನ ರೇಡಿಯೋದಲ್ಲಿ, ನಾನು ಹೇಳಿದ್ದು ಪೂರ್ತಿ..."

"ಒಂದು ನಿಮಿಷ," ಎಂದು ಕೋಚ್ ಕೈಯೆತ್ತಿದ. ಅಂಗಡಿಯ ಒಳಗೆ ನೋಡಿ ದನಿ ತಗ್ಗಿಸಿದ. "ನನ್ನ ಮಗಳು ಸ್ಟ್ರಾ ತರಲು ಹೋಗಿದ್ದಾಳೆ, ಈಗ ಬರುತ್ತಾಳೆ. ಆರು ವರ್ಷ ಅವಳಿಗೆ. ಮೊದಲ ಪಂದ್ಯದ ದಿನ, ಜನ ಯಾಕೆ ಹಾಗೆ ಕೂಗುತ್ತಾರೆ ಅಪ್ಪಾ ಅಂತ ಕೇಳಿದಳು. ನನಗೆ ಬೇರೇನೂ ಹೊಳೆಯಲಿಲ್ಲ. ಬೇರೆ ಕಡೆ ಚಪ್ಪಾಳೆ ತಟ್ಟುತ್ತಾರೆ, ಈ ಊರಲ್ಲಿ ಖುಷಿಯಾದರೆ ಹೀಗೆ ಕೂಗುತ್ತಾರೆ ಅಂದುಬಿಟ್ಟೆ. ವರ್ಷಪೂರ್ತಿ ನಾನು ಮನೆಗೆ ಬಂದಾಗಲೆಲ್ಲ ಬಾಗಿಲಲ್ಲಿ ನಿಂತು ಕೂಗಿದ್ದಾಳೆ. ನಾವು ಸೋತಷ್ಟೂ ಜೋರಾಗಿ." ಅವನು ಕಾಫಿ ಲೋಟ ತಿರುಗಿಸಿದ. "ಅವಳು ಈ ಊರನ್ನು ಹಾಗೇ ತಿಳಿದುಕೊಂಡು ಹೊರಡಲಿ ಅಂತ ನನ್ನಾಸೆ. ದಯವಿಟ್ಟು ಅವಳೆದುರು ಕ್ಷಮೆ ಗಿಮೆ ಕೇಳಬೇಡಿ."

ಅಮೂಲ್ಯಾ ಅಜ್ಜಿಯ ಕಿವಿಯಲ್ಲಿ ಎಲ್ಲವನ್ನೂ ಹರಕು ಮುರುಕು ಕನ್ನಡದಲ್ಲಿ ಹೇಳಿದಳು. ಹೇಳಲು ಬಂದಿದ್ದ ಸುಮಿತ್ರವ್ವ ಬಾಯಿಗೆ ಸೆರಗು ಒತ್ತಿಕೊಂಡರು.

ಹುಡುಗಿ ಬಂದಳು. ಮುಂದಿನ ಎರಡು ಹಲ್ಲು ಬಿದ್ದಿದ್ದವು. ಹೆಸರು ಜೋಸಿ. "ಜೋಸಿ, ಇವರು ಮಿಸ್ಟರ್ ಶ್ರೀಶೈಲ್," ಎಂದ ಕೋಚ್. "ಆ ಕೂಗನ್ನು ಮೊದಲು ಶುರುಮಾಡಿದವರು ಇವರೇ."

ಜೋಸಿಯ ಕಣ್ಣು ಅರಳಿದವು. ದೇವರು ಪ್ರತ್ಯಕ್ಷವಾದರೂ ಮಕ್ಕಳು ಅಷ್ಟು ಹಿಗ್ಗುವುದಿಲ್ಲ. ಶ್ರೀಶೈಲರ ಎದುರಿಗೆ ಬಂದು ನಿಂತು, ಕೊರಳು ಚಾಚಿ, ಹಲ್ಲಿಲ್ಲದ ಬಾಯಿ ತೆರೆದು ಉದ್ದಕ್ಕೆ ಕೂಗಿ, "ಈಗ ನೀವು," ಎಂದಳು.

ಶ್ರೀಶೈಲರು ಮಗಳತ್ತ ನೋಡಿದರು. ಅವಳು ಮೇಜು ನೋಡುತ್ತಿದ್ದಳು. ತಾಯಿಯತ್ತ ನೋಡಿದರು.

"ಅನ್ನೋ," ಎಂದರು ಸುಮಿತ್ರವ್ವ. "ಕೂಸಿನ ಮುಂದ ಮಾರಿ ಸಣ್ಣದ ಮಾಡ್ಕೊಂಡು ನಿಂದ್ರಬ್ಯಾಡ. ಕೂಗು."

ಶ್ರೀಶೈಲರು ಕಣ್ಣು ಮುಚ್ಚಿ, "ಅಂಬಾ," ಎಂದರು.

ಜೋಸಿ ಹುಬ್ಬು ಗಂಟಿಕ್ಕಿದಳು. ಹಸು ಹಾಗೆ ಕೂಗುವುದಿಲ್ಲ ಎಂದಳು. ತುಟಿ ಹೇಗೆ ಮುಂದೆ ಚಾಚಬೇಕು, ಉಸಿರು ಎಲ್ಲಿಂದ ತೆಗೆಯಬೇಕು, ಎಲ್ಲವನ್ನೂ ತೋರಿಸಿಕೊಟ್ಟಳು. ಶ್ರೀಶೈಲರು ಅವಳು ಹೇಳಿದಂತೆ ತುಟಿ ಚಾಚಿದರು. "ಮೂ..." ಸುತ್ತಲಿನ ಮೇಜಿನವರು ತಿರುಗಿ ನೋಡಿದರು. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವನು ವೆಸ್ ಗ್ರೇಡಿ.

"ಕೇಳಿಸಲೇ ಇಲ್ಲ," ಎಂದಳು ಜೋಸಿ.

ಐವತ್ತೊಂದರ ಮೇಲೊಂದು ವರ್ಷ ತುಂಬಿದ್ದ ಗ್ರಾನೈಟ್ ವ್ಯಾಪಾರಿ ಮತ್ತೆ ಕೂಗಿದರು. ಈ ಸಲ ದನಿ ಒಡೆಯಿತು. ಅದು ಹಸುವಿನದೂ ಆಗಲಿಲ್ಲ, ಮನುಷ್ಯನದೂ ಆಗಲಿಲ್ಲ. ಅಮೂಲ್ಯಾ ತಲೆಯೆತ್ತಿದಳು. ಅವಳ ಕಣ್ಣು ಕೆಂಪಾಗಿದ್ದವು.

"ಜೋರಾಗಿ ಅಪ್ಪಾ," ಎಂದಳು. "ಇನ್ನೂ ಜೋರಾಗಿ."